ಖಾಲಿ ಖಾನೆಯ ವಿಳಾಸ

ನಾನು ದುಡಿದ ಕಚೇರಿ ಯಾವ ಊರಿನದು ಎಂದು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಒಂದು ಎಂದಿಟ್ಟುಕೊಳ್ಳಿ. ಊರು ಯಾವುದಾದರೂ ರೆಕಾರ್ಡ್ ರೂಮಿನ ಧೂಳು ಒಂದೇ. ಮೂವತ್ತೊಂದು ವರ್ಷ ಆ ಧೂಳು ಕುಡಿದಿದ್ದೇನೆ. ಈಗಲೂ ಬೆಳಿಗ್ಗೆ ಎದ್ದರೆ ಮೊದಲು ಕೆಮ್ಮು ಬರುತ್ತದೆ, ಆಮೇಲೆ ಮಾತು.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಇಬ್ಬರು ಮೂವರು ಮನೆಗೆ ಬಂದು, ಕೆಲಸ ಹೇಗಿರುತ್ತದೆ ಹೇಳಿ ಎಂದು ಕೇಳಿದರು. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಸಾಕಾಯಿತು. ಅದಕ್ಕೆ ಬರೆದಿಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದಿದ್ದೇನೆ.

ನನ್ನ ಗಂಡ ಅದೇ ಕಚೇರಿಯಲ್ಲಿ ಅಟೆಂಡರ್ ಆಗಿದ್ದ. ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಅವನ ಬದಲಿಗೆ ನನ್ನನ್ನು ತೆಗೆದುಕೊಂಡರು. ಮೊದಲನೇ ದಿನ ಕೈಗೆ ಕೊಟ್ಟಿದ್ದು ಪೊರಕೆ. ಆ ಕೋಣೆಗೆ ಎರಡೇ ಕಿಟಕಿ, ಹನ್ನೆರಡು ಸಾಲು ರ‍್ಯಾಕು. ರ‍್ಯಾಕಿನ ತುಂಬ ಖಾನೆಗಳು, ಖಾನೆಯೊಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಲಮನೆ ಕಾಗದದ ಕಟ್ಟುಗಳು. ಒಂದೊಂದು ಊರಿಗೆ ಒಂದೊಂದು ಸಾಲು. ಹಿರೇಹಡಗಲಿ ಎಂದರೆ ಇಲ್ಲಿ, ಮಾಗಳ ಎಂದರೆ ಅಲ್ಲಿ, ಅರಸೀಕೆರೆ ಎಂದರೆ ಮತ್ತೊಂದು ಕಡೆ, ಹೀಗೆ ಊರೆಲ್ಲ ಸಾಲಾಗಿ ನಿಂತಿರುತ್ತವೆ. ಸಾಲಿನೊಳಗೆ ಸರ್ವೆ ನಂಬರಿನ ಪ್ರಕಾರ ಖಾನೆ. ಯಾರೋ ಅರ್ಜಿ ಹಾಕುತ್ತಾರೆ, ಚೀಟಿ ಬರುತ್ತದೆ, ನೀವು ಕಟ್ಟು ಹುಡುಕಿ ಹೊತ್ತು ತರಬೇಕು. ಗುಮಾಸ್ತರು ನಕಲು ಮಾಡಿಕೊಂಡ ಮೇಲೆ ವಾಪಸು ಇಡಬೇಕು. ಹುಡುಕುವುದು ಕಷ್ಟ ಎಂದು ಎಲ್ಲರೂ ತಿಳಿಯುತ್ತಾರೆ. ಕಷ್ಟ ಇರುವುದು ವಾಪಸು ಇಡುವುದರಲ್ಲಿ. ಸಂಜೆ ಐದೂವರೆಗೆ ಬಸ್ಸು ಹೊರಡುತ್ತದೆ, ಕೈಯಲ್ಲಿ ಆರು ಕಟ್ಟು ಇರುತ್ತದೆ. ಆಗ ಸರಿಯಾದ ಖಾನೆಗೆ ನಡೆದು ಹೋಗಿ ಇಡುವವರೇ ಕೆಲಸಗಾರರು. ಉಳಿದವರು ಸಂಬಳಗಾರರು.

ನಾನೂ ಮೊದಲು ಸಂಬಳಗಾರಳೇ.

ಸೇರಿದ ವರ್ಷವೇ ದೊಡ್ಡ ಸಾಹೇಬರ ತಪಾಸಣೆ ಇತ್ತು. ರೂಮು ಒಪ್ಪ ಮಾಡು ಎಂದರು. ಒಪ್ಪ ಮಾಡಿದೆ. ಸಾಲುಗಳಲ್ಲಿ ಅಲ್ಲಲ್ಲಿ ಖಾನೆ ಖಾಲಿ ಇದ್ದವು. ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು. ಹಡಗಲಿ ಕಡೆಯ ಮೂರು ಊರಿನ ಕಟ್ಟುಗಳನ್ನು ಒಂದು ಕಡೆಯಿಂದ ಒತ್ತರಿಸಿ, ಸಂದು ಇಲ್ಲದ ಹಾಗೆ ಜೋಡಿಸಿ, ಉಳಿದ ಖಾಲಿ ಜಾಗವನ್ನೆಲ್ಲ ಕೊನೆಗೆ ತಂದಿಟ್ಟೆ. ಎರಡು ದಿನದ ಕೆಲಸ. ದೊಡ್ಡ ಸಾಹೇಬರು ಬಾಗಿಲಲ್ಲೇ ನಿಂತು ನೋಡಿ, ಚೆನ್ನಾಗಿದೆ ಎಂದು ಹೋದರು.

ಅವರು ಹೋದ ಮೇಲೆ ರೆಕಾರ್ಡ್ ಕೀಪರ್ ಗುರುಬಸಪ್ಪನವರು ಒಳಗೆ ಬಂದರು. ಅವರು ಜೋರಾಗಿ ಮಾತಾಡುವ ಮನುಷ್ಯ ಅಲ್ಲ. ಒಂದು ಸಾಲಿನ ಮುಂದೆ ನಿಂತು ಬೆರಳು ಮಡಚಿ ಎಣಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಕೊಟ್ರಮ್ಮ, ಖಾಲಿ ಖಾನಿ ಎಲ್ಲಿ?"

"ಮುಚ್ಚಿಬಿಟ್ಟೆ ಸಾರ್. ಸುಮ್ನ ಜಾಗ ದಂಡ ಆಗಿತ್ತಲ್ರಿ."

"ದಂಡ ಅಂತ ನಿನಗ ಯಾರು ಹೇಳಿದ್ರು?"

"ಅದರಾಗ ಏನೂ ಇರಲಿಲ್ಲ ಸಾರ್."

"ಇರಲಿಲ್ಲ. ಈ ನಂಬರಿಗೆ ಕಾಗದ ಇಲ್ಲ ಅಂತ ಹೇಳಾಕನ ಆ ಖಾನಿ ಇತ್ತಬೇ. ಈಗ ನೋಡು, ನೂರಾ ಹತ್ತನೇ ನಂಬರಿನ ಖಾನಿಯಾಗ ನೂರಾ ಹನ್ನೆರಡರ ಕಟ್ಟು ಕುಂತೈತಿ. ಚೀಟಿ ಬಂದ್ರ ನೀನು ಯಾರ ಹೊಲಾನ ಯಾರ ಕೈಯಾಗ ಇಡ್ತಿ?"

ಮೂರು ಊರಿನ ಕಟ್ಟು ಬಿಚ್ಚಿ, ಕಾಗದ ಓದಿ, ಮತ್ತೆ ಖಾನೆಗೆ ಕಳಿಸಲು ಇಬ್ಬರಿಗೂ ಒಂದೂವರೆ ತಿಂಗಳು ಹಿಡಿಯಿತು. ಅವರು ಮೆಮೊ ಕೊಡಲಿಲ್ಲ. ಹಳೆಯ ಕೆಂಪು ಬಟ್ಟೆ ತಂದುಕೊಟ್ಟು, ಎಷ್ಟು ಖಾಲಿ ಖಾನೆ ಇವೆಯೋ ಅಷ್ಟು ಖಾಲಿ ಕಟ್ಟು ಹೊಲಿ ಎಂದರು.

"ಒಳಗ ಏನು ಇಡ್ಲಿ ಸಾರ್?"

"ಏನೂ ಇಡಬ್ಯಾಡ. ಏನೂ ಇಲ್ಲ ಅಂತ ಬರದು ಒಂದು ಚೀಟಿ ಇಡು."

ಕಚೇರಿಯಲ್ಲಿ ನಾನು ಬರೆದ ಮೊದಲ ಅಕ್ಷರ ಅದು. ಒಂದೊಂದು ಚೀಟಿಯಲ್ಲೂ ನಂಬರು, ಅದರ ಕೆಳಗೆ 'ಏನೂ ಇಲ್ಲ'. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೊಲಿದೆ, ಮನೆಗೆ ಒಯ್ದು ಹೊಲಿದೆ. ಮುಗಿಯುವ ಹೊತ್ತಿಗೆ ಗುರುಬಸಪ್ಪನವರನ್ನು ಬಾಯಿ ತುಂಬ ಬೈದುಕೊಂಡಿದ್ದೆ.

ಆಮೇಲಿನ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲಿ, ಗೆದ್ದಲು, ಮಂಡಿನೋವು. ಗೆದ್ದಲು ಹತ್ತಿದ ಕಟ್ಟನ್ನು ಬಿಸಿಲಿಗೆ ಹಾಕಬೇಡಿ, ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ನೆರಳಲ್ಲಿ ಗಾಳಿಗೆ ಹರವಬೇಕು. ಜನ ಬೈದರೆ ಸುಮ್ಮನಿರಿ. ಅವರು ಬೈಯುವುದು ನಿಮ್ಮನ್ನಲ್ಲ, ತಮ್ಮ ಅಣ್ಣತಮ್ಮಂದಿರನ್ನು.

ಮಾಗಳದ ಕಡೆಯ ಇಬ್ಬರು ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಒಂದೇ ದಿನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಕಟ್ಟಿಗೆ ಅರ್ಜಿ ಹಾಕಿದರು. ನಾನು ಕಟ್ಟು ತಂದು ನಡುವೆ ಇಟ್ಟೆ. ಗುಮಾಸ್ತರು ಓದಿದರು. ಗೋಡೆ ಇಬ್ಬರದೂ ಅಲ್ಲ, ಆಚೆ ಮನೆಯವರದು. ಇಬ್ಬರೂ ಹೊರಗೆ ಹೋಗಿ ಒಂದು ಚಹಾ ಬೈಟು ಮಾಡಿ ಕುಡಿದರು. ಕಾಗದದಿಂದ ಒಳ್ಳೆಯದಾಗಿದ್ದನ್ನು ನಾನು ಕಂಡದ್ದು ಅಂಥ ನಾಲ್ಕೋ ಐದೋ ಸಲ.

ಗುರುಬಸಪ್ಪನವರು ನಿವೃತ್ತಿಯಾಗಿ ಹೋದರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಸಹಿ ಮಾಡಲು ಒಬ್ಬರು, ಹೊರಲು ನಾನು.

ಹೀಗೇ ಇರುವಾಗ ಕಾಗದವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಆದೇಶ ಬಂತು. ಗುತ್ತಿಗೆಯವರು ಬಂದರು. ಒಂದೊಂದೇ ಹಾಳೆಯನ್ನು ಯಂತ್ರದ ಗಾಜಿನ ಮೇಲಿಟ್ಟು ಪಟ ತೆಗೆದರು. ಅದರ ಜೊತೆಗೇ ರ‍್ಯಾಕುಗಳಿಗೆ ಬಣ್ಣ ಬಳಿಸಿದರು. ಬಣ್ಣದವರು ಖಾನೆಯ ನಂಬರಿನ ಮೇಲೂ ಬಳಿದುಬಿಟ್ಟರು. ಆಮೇಲೆ ಬರೆಸುತ್ತೇವೆ ಎಂದರು. ಯಾರೂ ಬರೆಸಲಿಲ್ಲ. ನನ್ನ ಖಾಲಿ ಕಟ್ಟುಗಳನ್ನು ಕಂಡು, ಇವು ಯಾಕೆ, ಬಿಸಾಕುತ್ತೇವೆ ಎಂದರು. ನಾನು ಬಿಡಲಿಲ್ಲ. ಪ್ರೀತಿಗಲ್ಲ. ಮುಂದೆ ಯಾರಾದರೂ ಮತ್ತೆ ಹೊಲಿ ಎಂದರೆ ನನ್ನ ಈ ಕಣ್ಣಲ್ಲಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ.

ಈಗ ಸ್ವಲ್ಪ ನಿಧಾನವಾಗಿ ಓದಿ. ಕಂಪ್ಯೂಟರಿನೊಳಗೆ ಪ್ರತಿ ಕಾಗದಕ್ಕೂ ಒಂದು ವಿಳಾಸ ಕೊಟ್ಟರು. ಮೊದಲು ಊರು, ಆಮೇಲೆ ಸರ್ವೆ ನಂಬರು, ಆಮೇಲೆ ಹಿಸ್ಸಾ, ಕೊನೆಗೆ ಕಡತದ ನಂಬರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಓರೆ ಗೀಟು. ಹಿಸ್ಸಾ ಎಂದರೆ ಹೊಲ ಭಾಗವಾದಾಗ ಬೀಳುವ ತುಂಡು. ಭಾಗವಾಗುವ ಮೊದಲಿನ ಕಾಗದಕ್ಕೆ ಹಿಸ್ಸಾ ಇರುವುದಿಲ್ಲ. ಅಂಥ ಕಡೆ ಏನೂ ಬರೆಯದೆ ಖಾಲಿ ಬಿಟ್ಟರು. ಹಾಗಾಗಿ ಅಲ್ಲಿ ಎರಡು ಓರೆ ಗೀಟು ಒಂದರ ಪಕ್ಕ ಒಂದು ನಿಲ್ಲುತ್ತಿದ್ದವು. 112//2 ಎಂದರೆ ನೂರಾ ಹನ್ನೆರಡನೇ ನಂಬರು, ಹಿಸ್ಸಾ ಖಾಲಿ, ಎರಡನೇ ಕಡತ. ನೋಡಿದ ಕೂಡಲೇ ನನಗೆ ಅರ್ಥವಾಯಿತು. ರ‍್ಯಾಕಿನಂಥದೇ ಲೆಕ್ಕ.

ಊರಿನ ಹೆಸರು ಕನ್ನಡದಲ್ಲಿ ಹಾಕಿದ್ದರು. ಒಂದು ದಿನ ಪರದೆಯಲ್ಲಿ ಮಾಗಳ ಇದ್ದ ಜಾಗದಲ್ಲಿ ಬರೀ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ. "ಇದೇನಪ್ಪ, ಮಾಗಳದೋರು ಪರೀಕ್ಷಿ ಬರದಾರೇನು?" ಎಂದು ಆಪರೇಟರ್ ಪ್ರಕಾಶನನ್ನು ಕೇಳಿದೆ. "ಯಂತ್ರ ಕನ್ನಡನ ಹಂಗ ಬರಕೊಳ್ತೈತಿ, ಒಳಗ ಎಲ್ಲಾ ಸರಿ ಐತಿ ಬಿಡ್ರಿ" ಎಂದ. ಕಾಗದವೇನೋ ಸರಿಯಾಗಿಯೇ ತೆರೆಯಿತು. ಒಳಗೆ ಎಲ್ಲಾ ಸರಿ ಇದೆ ಎಂದು ಯಾರಾದರೂ ಹೇಳಿದರೆ ಅಂದಿನಿಂದ ನನಗೆ ನಿದ್ದೆ ಕಮ್ಮಿ.

ಪಟ ತೆಗೆದು ಮುಗಿದ ಮೇಲೆ ನಿಯಮ ಬದಲಾಯಿತು. ನಕಲು ಕೇಳಿದವರಿಗೆ ಪರದೆಯಿಂದಲೇ ಅಚ್ಚು ಹಾಕಿ ಕೊಡಬೇಕು. ಸಾಹೇಬರ ಲಿಖಿತ ಅಪ್ಪಣೆ ಇಲ್ಲದೆ ಕಟ್ಟು ಬಿಚ್ಚುವಂತಿಲ್ಲ. ನನ್ನ ಕೆಲಸ ಅಚ್ಚಾದ ಹಾಳೆಗೆ ಸೀಲು ಒತ್ತುವುದಷ್ಟೇ ಆಯಿತು. ಮಂಡಿಗೆ ಸುಖ. ಹಾಳೆಯಲ್ಲಿ ಏನಿದೆ ಎಂದು ನಾನು ನೋಡುತ್ತಿರಲಿಲ್ಲ. ಪ್ರಕಾಶ ಕೊಡುತ್ತಿದ್ದ, ನಾನು ಒತ್ತುತ್ತಿದ್ದೆ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತಿದ್ದೇನೆ.

ನನ್ನ ಸೇವೆ ಮುಗಿಯಲು ಇನ್ನು ಎರಡು ತಿಂಗಳಿತ್ತು. ಒಂದು ಸೋಮವಾರ ಹುಲಿಗೆವ್ವ ಎಂಬ ಹೆಂಗಸು ಬಂದಳು. ಹೊಳೆ ಕಡೆಯ ಒಂದು ಹಳ್ಳಿಯವಳು, ಕೂಲಿ ಕೆಲಸ, ಐವತ್ತರ ಆಚೀಚೆ ವಯಸ್ಸು. ಅವಳ ಅಪ್ಪನಿಗೆ ಸರ್ಕಾರ ಹಿಂದೆ ಐದು ಗುಂಟೆ ಜಾಗ ಮಂಜೂರು ಮಾಡಿತ್ತು. ಅದರಲ್ಲಿ ಮನೆ ಕಟ್ಟಿಕೊಂಡಿದ್ದಾಳೆ. ಆ ಜಾಗ ತಮ್ಮದು ಎಂದು ಊರಿನ ಗಿರಣಿ ಚನ್ನಬಸಪ್ಪ ಅರ್ಜಿ ಕೊಟ್ಟಿದ್ದ. ಗುರುವಾರ ಸಾಹೇಬರ ಮುಂದೆ ವಿಚಾರಣೆ. ಅಷ್ಟರೊಳಗೆ ಅಪ್ಪನ ಮಂಜೂರಾತಿ ಕಾಗದ ತೋರಿಸದಿದ್ದರೆ ಮನೆ ತೆರವು. ನೋಟೀಸನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು.

ಪ್ರಕಾಶ ಪಟ್ಟಿಯಲ್ಲಿ ಹುಡುಕಿ, ಒತ್ತಿ, ಅಚ್ಚು ಹಾಕಿ ಕೊಟ್ಟ. ನಾನು ಸೀಲು ಒತ್ತಿದೆ. ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಯವ್ವಾ, ಇದು ನಮ್ಮಪ್ಪನ ಕಾಗದ ಅಲ್ಲ."

"ಓದಾಕ ಬರ್ತೈತೇನು ನಿನಗ?"

"ಬರಂಗಿಲ್ಲ. ಆದ್ರ ಇದರಾಗ ಸಹಿ ಐತಿ. ನಮ್ಮಪ್ಪ ಹೆಬ್ಬಟ್ಟು. ಸತ್ತ ಮ್ಯಾಲ ಸಾಲಿಗೆ ಹೋದನೇನು?"

ಪ್ರಕಾಶನಿಗೆ ಸಿಟ್ಟು ಬಂತು. "ಕಂಪ್ಯೂಟರ್ ತೋರಿಸಿದ್ದು ಕೊಡ್ತೀವಿ. ನಮ್ಮ ಮನ್ಯಾಗ ಬರದು ತಂದು ಕೊಡಂಗಿಲ್ಲ."

ಮಂಗಳವಾರ ಮತ್ತೆ ಬಂದಳು. ಮತ್ತೆ ಅದೇ ಹಾಳೆ. ನಾನು ಈ ಸಲ ಅವಳಿಗೆ ಕೇಳುವ ಹಾಗೆ ಓದಿದೆ. ನೂರಾ ಹನ್ನೆರಡನೇ ನಂಬರು, ಹಿಸ್ಸಾ ಎರಡು, ಹೆಸರು ಚನ್ನಬಸಪ್ಪನ ಅಪ್ಪನದು. ಹುಲಿಗೆವ್ವ ಗೋಡೆಗೆ ಒರಗಿ ಕೂತು ಕೇಳಿದಳು. "ಹಂಗಾರ ನಾನು ಮೂವತ್ತು ವರ್ಷ ಯಾರ ಮನ್ಯಾಗ ಬಾಳೆ ಮಾಡೀನಿ?"

ಅಳಲಿಲ್ಲ. ಅತ್ತಿದ್ದರೆ ನಾನು ಒಂದು ಲೋಟ ನೀರು ಕೊಟ್ಟು ಕಳಿಸುತ್ತಿದ್ದೆನೇನೋ. ಅವಳು ನಿಜವಾಗಿಯೂ ಉತ್ತರಕ್ಕೆ ಕಾದಳು.

ಬುಧವಾರ ನೇತ್ರಾ ಬಂದಳು. ಹರಪನಹಳ್ಳಿ ಕಡೆಯ ಹುಡುಗಿ. ಕಾಗದ ತೆರೆಯುವ ಹೊಸ ಪ್ರೋಗ್ರಾಂ ಮಾಡಿದ ಗುತ್ತಿಗೆ ಕಂಪನಿಯಲ್ಲಿ ಎಂಜಿನಿಯರ್. ತಿಂಗಳಿಗೊಮ್ಮೆ ಬಂದು ಕಂಪ್ಯೂಟರು ನೋಡಿ ಹೋಗುತ್ತಿದ್ದಳು. ಚಹಾ ಕೊಡುವ ನೆಪದಲ್ಲಿ ಹುಲಿಗೆವ್ವನ ಹಾಳೆಯನ್ನು ಮುಂದಿಟ್ಟೆ.

"ಮೇಡಂ, ಈ ಕಾಗದ ತಪ್ಪು ಬರಾಕತ್ತೈತಿ."

"ಅಮ್ಮಾ, ಕಾಗದ ನಿಮ್ಮ ಕಚೇರಿದು. ತೆರೆದು ತೋರ್ಸದಷ್ಟೇ ನಮ್ಮ ಕೆಲ್ಸ."

"ಅದನ್ನ ತೋರಿಸ್ರಿ. ಹೆಂಗ ತೆರೀತೈತಿ ನೋಡೋಣು."

ಬೇಸರದಿಂದಲೇ ತೆರೆದಳು. ಪಟ್ಟಿಯಲ್ಲಿ ವಿಳಾಸ ಸರಿಯಾಗಿತ್ತು, 112//2. ಒತ್ತಿದಳು. ಕಾಗದ ಬಂತು. ಪರದೆಯ ಮೇಲಿನ ಸಾಲಿನಲ್ಲಿ 112/2 ಎಂದಿತ್ತು.

"ಇನ್ನೊಂದು ಸಲ ಒತ್ರಿ."

ಒತ್ತಿದಳು.

"ಪಟ್ಟ್ಯಾಗ ಎರಡು ಗೀಟು ಐತಿ. ಒಳಗ ಹೋದ ಮ್ಯಾಲ ಒಂದ ಐತಿ. ನಡುವಿನ ಖಾಲಿ ಖಾನಿ ಎಲ್ಲಿ ಹೋತು?"

ಅವಳು ಚಹಾ ಕೆಳಗಿಟ್ಟಳು. ಮತ್ತೆ ಒತ್ತಿದಳು, ಬೇರೆ ನಂಬರು ಒತ್ತಿದಳು, ಇನ್ನೊಂದು ಊರಿನದು ಒತ್ತಿದಳು. ಎಲ್ಲೆಲ್ಲಿ ಎರಡು ಗೀಟು ಇತ್ತೋ ಅಲ್ಲೆಲ್ಲ ಒಂದೇ ಆಗುತ್ತಿತ್ತು. ಕಡತದ ನಂಬರು ಒಂದು ಖಾನೆ ಹಿಂದೆ ಸರಿದು ಹಿಸ್ಸಾದ ಜಾಗದಲ್ಲಿ ಕೂರುತ್ತಿತ್ತು. ಕಡತದ ನಂಬರೇ ಇಲ್ಲ ಎಂದಾಗ ಯಂತ್ರ ಆ ಹಿಸ್ಸಾದ ಮೊದಲ ಕಾಗದವನ್ನು ತೆರೆದು ಕೊಡುತ್ತಿತ್ತು. ತಪ್ಪಾಗಿದೆ ಎಂದು ಎಲ್ಲೂ ಹೇಳುತ್ತಿರಲಿಲ್ಲ.

"ಇದು ನಾ ಬರ್ದಿದ್ದಲ್ಲಮ್ಮ" ಎಂದಳು. "ಫ್ರೇಮ್‌ವರ್ಕ್ ಅಂತ ಇರ್ತತಿ. ಬೇರೆ ಯಾರೋ ಮೊದ್ಲೇ ಕಟ್ಟಿಟ್ಟಿರ್ತಾರೆ, ಅದರ ಮ್ಯಾಲೆ ನಾವು ನಮ್ಮದು ಕಟ್ತೀವಿ. ಫೈಲಿನ ವಿಳಾಸ ಕೊಟ್ರೆ ತೆರೆಯಾಕೆ ಮೊದ್ಲು ಅದು ಒಪ್ಪ ಮಾಡ್ತತಿ. ಜೋಡಿ ಗೀಟು ಇದ್ರೆ ಕೈತಪ್ಪಿ ಬಿದ್ದಿರ್ತತಿ ಅಂತ ಒಂದು ತೆಗೀತತಿ."

"ಕೇಳಿ ತೆಗೀತೈತೋ, ಕೇಳದ ತೆಗೀತೈತೋ?"

"ಕೇಳಲ್ಲ."

"ನಾನೂ ಕೇಳಿರಲಿಲ್ಲ" ಎಂದು ತಪಾಸಣೆಗೆ ಖಾಲಿ ಖಾನೆ ಮುಚ್ಚಿದ ಕಥೆ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಹಳೇ ಪ್ರೋಗ್ರಾಂ ಹಿಂಗೆ ಮಾಡ್ತಿರ್ಲಿಲ್ಲಮ್ಮ. ಹೊಸದು ಹಾಕಿ ಎಂಟು ತಿಂಗಳಾತು. ಅವತ್ತು ನಾನು ನಾಕು ಕಾಗದ ತೆರೆದು ನೋಡಿ ಸರಿ ಐತಿ ಅಂತ ಬರ್ದು ಕೊಟ್ಟೆ. ನಾಕಕ್ಕೂ ಹಿಸ್ಸಾ ಇತ್ತು."

"ನೀನು ನಾಕು ನೋಡಿ ಬರದುಕೊಟ್ಟಿ. ನಾನು ಒಂದೂ ನೋಡದ ಎಂಟು ತಿಂಗಳು ಸೀಲು ಒತ್ತೀನಿ. ಈಗ ದಾರಿ ಹೇಳು."

ಮೇಡಂ ಹೋಗಿ ನೀನು ಆಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆ ಒಪ್ಪ ಮಾಡುವುದನ್ನು ನಿಲ್ಲಿಸಲು ಆಗುವುದಿಲ್ಲವಂತೆ. ಅದು ಪಾಯದಲ್ಲೇ ಇದೆಯಂತೆ, ಮುಟ್ಟಿದರೆ ಬೇರೆ ಕಡೆ ಬಿರುಕು ಬಿಡುತ್ತದಂತೆ. "ಹಂಗಾರ ಖಾಲಿ ಖಾನ್ಯಾಗ ಏನರ ಇಡು, ತೆಗೆಯಾಕ ಬರಬಾರ್ದು" ಎಂದೆ. ಅವಳು ಮೊದಲು ಒಂದು ಚುಕ್ಕೆ ಇಟ್ಟು ನೋಡಿದಳು. ಚುಕ್ಕೆಯನ್ನೂ ಗುಡಿಸಿಹಾಕಿತು. ಎರಡು ಚುಕ್ಕೆ ಇಟ್ಟಳು. ಅದು ಇನ್ನೂ ಕೆಟ್ಟದ್ದು, ಹಿಂದಿದ್ದ ಸರ್ವೆ ನಂಬರನ್ನೇ ನುಂಗಿಬಿಟ್ಟಿತು. ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗು ಎಂದು ಅದಕ್ಕೆ ಕಲಿಸಿದ್ದಾರಂತೆ.

"ಸೊನ್ನಿ ಇಡು. ಹಿಸ್ಸಾ ಸೊನ್ನಿ ಯಾವ ಊರಾಗೂ ಇಲ್ಲ."

ಇಟ್ಟಳು. ಸೊನ್ನೆಯನ್ನು ಅದು ಮುಟ್ಟಲಿಲ್ಲ. ಹುಲಿಗೆವ್ವನ ಊರಿನ ವಿಳಾಸಗಳನ್ನೆಲ್ಲ ಸಂಜೆಯೊಳಗೆ ತಿದ್ದಿದಳು. 112/0/2 ತೆರೆಯಿತು. ಹಳದಿ ಹಾಳೆ, ಕೆಳಗೆ ಒಂದು ಹೆಬ್ಬೆಟ್ಟು. ನಾನು ಐದೂವರೆಯ ಬಸ್ಸು ಬಿಟ್ಟೆ, ಏಳರ ಬಸ್ಸಿಗೆ ಹೋದೆ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಗುರುವಾರ ವಿಚಾರಣೆಯಲ್ಲಿ ಹುಲಿಗೆವ್ವ ಹೊಸ ನಕಲು ಕೊಟ್ಟಳು. ಚನ್ನಬಸಪ್ಪನ ವಕೀಲರು ಐದು ತಿಂಗಳ ಹಿಂದಿನ ಒಂದು ನಕಲು ತೆಗೆದರು. ಅದೇ ಕಚೇರಿ, ಅದೇ ಕಡತಕ್ಕೆ ಅರ್ಜಿ, ಅದೇ ಸೀಲು. ಹುಲಿಗೆವ್ವನ ಮನೆ ಇರುವ ಜಾಗದ ಕಾಗದ ಕೊಡಿ ಎಂದು ಚನ್ನಬಸಪ್ಪ ಕೇಳಿದ್ದ, ನಾವು ಅವನ ಅಪ್ಪನ ಹೆಸರಿನ ಕಾಗದವನ್ನು ಅವನ ಕೈಗೇ ಕೊಟ್ಟಿದ್ದೆವು. ಜಾಗ ತನ್ನದು ಎಂದು ಅವನು ನಂಬಿದ್ದ. ಸುಳ್ಳು ಹೇಳುತ್ತಿರಲಿಲ್ಲ.

ವಕೀಲರು ಹೇಳಿದರು, "ಸಾಹೇಬ್ರ, ನಿನ್ನೆ ಸಂಜಿಕ ವಿಳಾಸ ತಿದ್ದ್ಯಾರಂತ. ಐದು ತಿಂಗಳ ಹಿಂದ ಒಂದು ಹೇಳಿದ ಯಂತ್ರ ವಿಚಾರಣಿ ಹಿಂದಿನ ದಿನ ಇನ್ನೊಂದು ಹೇಳತೈತಿ. ಯಾವುದನ್ನ ನಂಬಬೇಕ್ರಿ?"

ವಿಚಾರಣೆಗೆಂದೇ ಉಳಿದುಕೊಂಡಿದ್ದ ನೇತ್ರಾ ಎದ್ದು ನಿಂತು ಗೀಟಿನ ವಿಷಯ ಹೇಳಿದಳು. ಹೇಳಿದಷ್ಟೂ ಸಾಹೇಬರ ಹಣೆ ಗಂಟಾಯಿತು. ಅದು ಅವಳ ತಪ್ಪಲ್ಲ. ನಿಜ ಹೇಳಿದರೂ ಮೋಸದ ಹಾಗೆ ಕೇಳಿಸುವ ಮಾತು ಅದು.

"ಮೂಲ ಕಾಗದ ಎಲ್ಲಿ?" ಎಂದರು ಸಾಹೇಬರು.

ಪ್ರಕಾಶ ತಲೆ ಕೆರೆದುಕೊಂಡ. "ಖಾನಿ ನಂಬರೆಲ್ಲಾ ಅಳಿಸಿ ಹೋಗ್ಯಾವ್ರಿ. ಹುಡುಕಾಕ ವಾರ ಬೇಕಾಗತೈತಿ."

ನೋಟೀಸಿನ ಗಡುವು ಆ ದಿನಕ್ಕೆ ಮುಗಿಯುತ್ತಿತ್ತು. ಹುಲಿಗೆವ್ವ ಬಾಗಿಲ ಪಕ್ಕ ನಿಂತಿದ್ದಳು. ನನ್ನನ್ನು ನೋಡಲಿಲ್ಲ, ಸಾಹೇಬರನ್ನು ನೋಡಲಿಲ್ಲ, ತನ್ನ ಕಾಲುಬೆರಳು ನೋಡುತ್ತಿದ್ದಳು.

"ಬಿಚ್ಚಾಕ ಅಪ್ಪಣಿ ಬರದುಕೊಡ್ರಿ ಸಾರ್" ಎಂದೆ. "ಒಂದು ತಾಸು ಸಾಕು."

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೂರು ವರ್ಷದಲ್ಲಿ ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲು ಇರಬೇಕು. ಬರೆದುಕೊಟ್ಟರು.

ಆ ಊರಿನ ಸಾಲು ಕಿಟಕಿಯ ಪಕ್ಕದ್ದು. ನೂರಾ ಒಂದನೇ ನಂಬರು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಿತ್ತು. ಅಲ್ಲಿಂದ ಒಂದೊಂದು ಖಾನೆಗೂ ಕೈ ಇಟ್ಟು ಎಣಿಸಿದೆ. ನೂರಾ ಐದರ ಖಾನೆಯಲ್ಲಿ ತೆಳ್ಳನೆಯ ಒಂದು ಕಟ್ಟು. ಬಿಚ್ಚಿದೆ. ಡೊಂಕು ಅಕ್ಷರದಲ್ಲಿ 105, ಏನೂ ಇಲ್ಲ. ಸರಿ. ಮುಂದೆ ಎಣಿಸಿದೆ. ನೂರಾ ಒಂಬತ್ತರಲ್ಲಿ ಇನ್ನೊಂದು, 109, ಏನೂ ಇಲ್ಲ. ಅದೂ ಸರಿ. ಅವೆರಡನ್ನು ಗುತ್ತಿಗೆಯವರು ಬಿಸಾಕಿ ಕಟ್ಟುಗಳನ್ನು ಒತ್ತರಿಸಿಟ್ಟಿದ್ದರೆ ನಾನು ಎರಡು ಖಾನೆ ತಪ್ಪಿ, ಬೇರೆ ಯಾರದೋ ಹೊಲ ಹೊತ್ತುಕೊಂಡು ಹೋಗುತ್ತಿದ್ದೆ. ಅಲ್ಲಿಂದ ಮೂರನೇ ಖಾನೆಗೆ ಕೈ ಇಟ್ಟೆ. ಬಟ್ಟೆಯ ಕೆಂಪು ಹೋಗಿ ಸೆಗಣಿ ಬಣ್ಣ ಬಂದಿತ್ತು. ಮೇಲಿನ ಕಾಗದಗಳಿಗೆ ಹಿಸ್ಸಾ ಇತ್ತು. ತಳದಲ್ಲಿ ಭಾಗವಾಗುವ ಮೊದಲಿನ ಕಡತಗಳು. ಎರಡನೆಯದನ್ನು ತೆಗೆದೆ.

ಮುಕ್ಕಾಲು ತಾಸಿಗೆ ಸಾಹೇಬರ ಮೇಜಿನ ಮೇಲಿಟ್ಟೆ. ಸಾಹೇಬರು ಓದಿದರು, ವಕೀಲರು ಓದಿದರು. ಐದು ಗುಂಟೆ, ಹುಲಿಗೆವ್ವನ ಅಪ್ಪನ ಹೆಸರು, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಕೆಳಗೆ ಹೆಬ್ಬೆಟ್ಟು. ಆಮೇಲೆ ಹೊಲ ಭಾಗ ಮಾಡುವಾಗ ಈ ಐದು ಗುಂಟೆ ಬಿಟ್ಟು ಉಳಿದದ್ದನ್ನು ಭಾಗ ಮಾಡಿದ್ದರು. ಅದೂ ಅದೇ ಕಟ್ಟಿನಲ್ಲಿತ್ತು.

ಚನ್ನಬಸಪ್ಪ ತನ್ನ ಹಾಳೆಯನ್ನು ಹಿಡಿದುಕೊಂಡು ಕೇಳಿದ. "ಹಂಗಾರ ನಮ್ಮಪ್ಪನ ಜಾಗ ಎಲ್ಲೈತ್ರಿ?"

ಸಾಹೇಬರು ನಕ್ಷೆ ನೋಡಿದರು. "ಇವಳ ಮನೆಯ ಹಿಂದುಗಡೆ."

"ಆ ಜಾಲಿ ಬೆಳದಿದ್ದಾ? ಅದು ನಮ್ಮದಾ?"

"ನಿಮ್ಮದೇನು?" ಎಂದಳು ಹುಲಿಗೆವ್ವ. ಅವಳ ಬಾಯಿಂದ ಆ ದಿನ ಬಂದ ಮೊದಲ ಮಾತು ಅದು. "ನಮ್ಮ ಆಡು ಅಲ್ಲೇ ಮೇಯ್ತಾವ. ಇನ್ನ ಮ್ಯಾಲ ನಿಮ್ಮನ್ನ ಕೇಳಿ ಮೇಸ್ತೀನಿ ತಗೋರಿ."

ವಕೀಲರೂ ನಕ್ಕರು. ಸಾಹೇಬರು ಅರ್ಜಿ ವಜಾ ಎಂದು ಬರೆದರು.

ಎಂಟು ತಿಂಗಳಲ್ಲಿ ಹೋದ ಉಳಿದ ನಕಲುಗಳ ಮಾತು ಬಂದಾಗ ಸಾಹೇಬರು, ಬಂದವರಿಗೆ ಸರಿ ಮಾಡಿ ಕೊಡೋಣ, ಬರದವರನ್ನು ಎಬ್ಬಿಸುವುದು ಯಾಕೆ ಎಂದರು. ಕೆಟ್ಟವರಲ್ಲ, ದಣಿದವರು. ನಾನೂ ದಣಿದಿದ್ದೆ. ಆದರೆ ಸೀಲಿನ ವಹಿ ನನ್ನ ಹತ್ತಿರ ಇತ್ತು. ಎರಡು ಗೀಟಿನ ನಂಬರುಗಳನ್ನು ನೇತ್ರಾ ಪಟ್ಟಿ ಮಾಡಿದಳು, ನಾನು ವಹಿಯಲ್ಲಿ ಹೆಸರು ಹುಡುಕಿದೆ. ಒಂದು ಹಾಳೆ ತುಂಬಿತು. ಅದನ್ನು ದಿನವೂ ಸಾಹೇಬರ ಮೇಜಿನ ಮೇಲೆ, ಚಹಾ ಲೋಟದ ಕೆಳಗೆ ಇಟ್ಟು ಬರುತ್ತಿದ್ದೆ. ಒಂಬತ್ತನೇ ದಿನ ಎಲ್ಲರಿಗೂ ಪತ್ರ ಕಳಿಸಲು ಸಹಿ ಹಾಕಿದರು. ಕೆಲವರು ಬಂದು ಬದಲಿಸಿಕೊಂಡರು. ಕೆಲವರು ಬರಲೇ ಇಲ್ಲ. ಅವರ ಮನೆಯಲ್ಲಿ ನನ್ನ ಸೀಲಿನ ತಪ್ಪು ಕಾಗದ ಈಗಲೂ ಇದೆ. ಆ ಹೆಸರುಗಳ ಪಟ್ಟಿಯನ್ನು ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೇನೆ. ಯಾರೂ ಕೀಳಬೇಡಿ.

ಉಳಿದ ಊರುಗಳ ಖಾಲಿ ಖಾನೆಗೆಲ್ಲ ನೇತ್ರಾ ಸೊನ್ನೆ ಇಟ್ಟು ಮುಗಿಸಿದಳು. ರ‍್ಯಾಕಿಗೆ ನಂಬರು ಬರೆಸಲು ಇನ್ನೂ ಆಗಿಲ್ಲ.

ನನ್ನ ಕೊನೆಯ ವಾರದಲ್ಲಿ ಹುಲಿಗೆವ್ವ ಮತ್ತೆ ಬಂದಳು. ಥ್ಯಾಂಕ್ಸ್ ಹೇಳಲು ಯಾರೂ ಬಸ್ ಚಾರ್ಜು ಕೊಟ್ಟುಕೊಂಡು ಕಚೇರಿಗೆ ಬರುವುದಿಲ್ಲ, ನೀವೂ ಕಾಯಬೇಡಿ. ಅವಳಿಗೆ ಇನ್ನೊಂದು ನಕಲು ಬೇಕಿತ್ತು.

"ಮತ್ತ ಯಾಕ? ಮನಿ ಐತಿಲ್ಲೋ?" ಎಂದೆ.

"ಐತಿ. ಸೋರ್ತೈತಿ. ಮಾಳಿಗಿ ರಿಪೇರಿಗೆ ಅರ್ಜಿ ಹಾಕಬೇಕು, ಕಾಗದ ಕೇಳ್ಯಾರ."

ಪ್ರಕಾಶ ಒತ್ತಿದ, ಅಚ್ಚು ಹಾಕಿದ, ಹಾಳೆಯನ್ನು ನನ್ನ ಕಡೆ ತಳ್ಳಿದ. ನಾನು ಕನ್ನಡಕ ಹಾಕಿಕೊಂಡು ನಂಬರು ಓದಿದೆ, ಹೆಸರು ಓದಿದೆ, ಕೆಳಗೆ ಹೆಬ್ಬೆಟ್ಟು ಇದೆಯೇ ನೋಡಿದೆ.

"ಬಸ್ ಹೋಗತೈತಿ ಯವ್ವಾ, ಲಗೂನ ಒತ್ತು" ಎಂದಳು.

"ಹೋಗಲಿ" ಎಂದೆ. ಮೊದಲಿನಿಂದ ಇನ್ನೊಂದು ಸಲ ಓದಿ, ಆಮೇಲೆ ಒತ್ತಿದೆ.